ಹುಟ್ಟುಗುಣ ಓದಿದ ಸೆಮಿಸ್ಟರ್

ಮನೋವಿಜ್ಞಾನದ ಎಂ.ಎಸ್ಸಿ. ಮೂರನೇ ಸೆಮಿಸ್ಟರ್‌ನಲ್ಲಿ ನಮಗೆ ವ್ಯಕ್ತಿತ್ವ ಮತ್ತು ಅದರ ತೊಂದರೆಗಳ ಬಗ್ಗೆಯೇ ಒಂದು ಪೂರ್ತಿ ಪೇಪರ್ ಇತ್ತು. ಅದನ್ನು ಓದುವಾಗ ನಾನು ಎರಡು ನೋಟ್‌ಬುಕ್ ಇಟ್ಟುಕೊಂಡಿದ್ದೆ. ಒಂದರಲ್ಲಿ ಕ್ಲಾಸಿನ ನೋಟ್ಸ್, ಇಂಗ್ಲಿಷಿನಲ್ಲಿ. ಇನ್ನೊಂದು ಉದ್ದನೆಯ ಲೆಕ್ಕದ ಪುಸ್ತಕ. ತೊಗರಿ ಮಾರಿದ ಲೆಕ್ಕ ಬರೆಯಲು ಅಪ್ಪ ತಂದಿದ್ದರು. ನಾಲ್ಕು ಹಾಳೆ ಬರೆದು ಬಿಟ್ಟಿದ್ದರು. ಉಳಿದ ಹಾಳೆಗಳಲ್ಲಿ ನಾನು ಕನ್ನಡ ಬರೆದುಕೊಂಡೆ.

ನಾನು ಆಳಂದ ತಾಲ್ಲೂಕಿನವಳು. ಬಿ.ಎ. ತನಕ ಕನ್ನಡ ಮಾಧ್ಯಮ. ಕಲಬುರಗಿಗೆ ಬಂದ ಮೇಲೆ ಮೊದಲ ಎರಡು ಸೆಮಿಸ್ಟರ್ ಹೇಗೋ ದಾಟಿದೆ. ಮೆದುಳು, ನೆನಪು, ಅಂಕಿಅಂಶ ಎಲ್ಲವೂ ಹೊಸ ವಿಷಯ. ಹೊಸ ಪದದ ಜೊತೆಗೇ ಕಲಿತೆ. ವ್ಯಕ್ತಿತ್ವ ಹಾಗಲ್ಲ. ಅದು ನಮ್ಮ ಮನೆ ಕಟ್ಟೆಯ ಮೇಲೆ ದಿನಾ ಸಂಜೆ ನಡೆಯುವ ಮಾತು. ಯಾರ ಗುಣ ಎಂಥದ್ದು, ಯಾರ ಸಿಟ್ಟು ಎಂಥದ್ದು, ಯಾರ ಮನೆಗೆ ಹೆಣ್ಣು ಕೊಡಬಹುದು. ಹುಟ್ಟಿದಾಗಿನಿಂದ ಕೇಳಿದ್ದೇ. ಆದರೆ ಅದೇ ವಿಷಯ ಬೇರೆ ಭಾಷೆಯಲ್ಲಿ ಎದುರು ಬಂದಾಗ ನನಗೆ ಗುರುತೇ ಹತ್ತಲಿಲ್ಲ.

ಗುರುತು ಹತ್ತಿದ್ದು ಎರಡನೇ ವಾರ. ಸರ್ ಅವತ್ತು 1936ರ ಒಂದು ಕೆಲಸದ ಬಗ್ಗೆ ಹೇಳಿದರು. ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಎಂಬ ಇಬ್ಬರು ಅಮೆರಿಕದವರು ಒಂದು ದೊಡ್ಡ ಇಂಗ್ಲಿಷ್ ನಿಘಂಟನ್ನು ಮುಂದಿಟ್ಟುಕೊಂಡು, ಮನುಷ್ಯರ ಗುಣ ನಡತೆ ಹೇಳುವ ಪದಗಳನ್ನು ಒಂದೊಂದಾಗಿ ಆರಿಸಿದರಂತೆ. ಸುಮಾರು 18,000 ಪದ ಸಿಕ್ಕವು. ಜನರ ಬದುಕಿನಲ್ಲಿ ಯಾವ ಗುಣ ಮುಖ್ಯವೋ ಅದಕ್ಕೆ ಭಾಷೆ ತಾನೇ ಒಂದು ಪದ ಮಾಡಿಕೊಂಡಿರುತ್ತದೆ ಎನ್ನುವುದು ಅವರ ನಂಬಿಕೆ. ಮುಂದೆ ರೇಮಂಡ್ ಕ್ಯಾಟೆಲ್ ಆ ಪದಗಳನ್ನು ಸೋಸಿ ಸೋಸಿ 16 ಅಂಶಗಳಿಗೆ ಇಳಿಸಿದರು. ಆಮೇಲೆ ಬಂದವರು ಐದಕ್ಕೆ ನಿಲ್ಲಿಸಿದರು. ಜನರೊಂದಿಗೆ ಬೆರೆಯುವ ಗುಣ, ಹೊಂದಿಕೊಂಡು ಹೋಗುವ ಗುಣ, ಅಚ್ಚುಕಟ್ಟುತನ, ಮನಸ್ಸಿನ ಏರುಪೇರು, ಹೊಸದನ್ನು ಬರಮಾಡಿಕೊಳ್ಳುವ ಗುಣ. ಇವತ್ತಿಗೂ ಹೆಚ್ಚು ಬಳಕೆಯಲ್ಲಿರುವುದು ಈ ಐದೇ.

ನಾನು ಹಾಸ್ಟೆಲಿಗೆ ಬಂದು ಲೆಕ್ಕದ ಪುಸ್ತಕ ತೆಗೆದೆ. ಅವರು ಇಂಗ್ಲಿಷಿಗೆ ಮಾಡಿದ್ದನ್ನು ನಾನು ನಮ್ಮ ಮನೆಯ ಮಾತಿಗೆ ಮಾಡಬಾರದೇಕೆ ಅನ್ನಿಸಿತು. ದಸರಾ ರಜೆಗೆ ಊರಿಗೆ ಹೋದಾಗ ಆಯಿಯ ಮುಂದೆ ಕುಳಿತೆ. ಆಯಿ ಅಂದರೆ ಅವ್ವನ ತಾಯಿ. ಓದು ಬರಹ ಬಾರದವರು.

"ಏನ್ ಬರೀಲಕತ್ತಿ ಯವ್ವಾ?"

"ಮಂದಿ ಗುಣದ ಹೆಸರು ಬರೀಲಕತ್ತೀನಿ ಆಯಿ."

"ಹಂಗಾದ್ರ ನಿಮ್ಮ ಕಾಕಾನಿಂದಾನೇ ಸುರು ಮಾಡು."

ಸಂಶಯದವ, ಹಟಮಾರಿ, ಮುಂಗೋಪಿ, ಸಿಡುಕ, ಅಂಜುಬುರುಕಿ, ಅಳುಬುರುಕಿ, ಬಾಯಿಬಡಕಿ, ಅವಸರಗೇಡಿ, ಉಡಾಳ, ಸೊಕ್ಕಿನವ, ಭೋಳೆ ಸ್ವಭಾವದವ, ಶಾಣ್ಯಾ, ಹೊಟ್ಟೆಕಿಚ್ಚಿನವಳು, ಜಿಪುಣ, ಮೊಂಡ. ಆಯಿ ಜೋಳ ಹಸನು ಮಾಡುತ್ತಾ ಹೇಳುತ್ತಲೇ ಹೋದರು. ಮೂರು ದಿನದಲ್ಲಿ 212 ಪದ ಆದವು. ರಾತ್ರಿ ಅವನ್ನು ಐದು ಗುಂಪು ಮಾಡಲು ಕೂತೆ. ಸಿಟ್ಟಿಗೆ ಮತ್ತು ಜಿಪುಣತನಕ್ಕೆ ನಮ್ಮ ಊರಲ್ಲಿ ಎಷ್ಟೊಂದು ಪದ! ಹೊಸದನ್ನು ಬರಮಾಡಿಕೊಳ್ಳುವ ಗುಣಕ್ಕೆ ಸಿಕ್ಕಿದ್ದು ನಾಲ್ಕೋ ಐದೋ. ಅದೂ ಬೈಗುಳದಂತೆ ಕೇಳುವ ಪದಗಳೇ. ಪಾಠ ಮೊದಲ ಸಲ ನನ್ನದು ಅನ್ನಿಸಿದ್ದು ಆ ರಾತ್ರಿ.

ಕೊನೆಯ ದಿನ ಆಯಿ ಹೇಳಿದರು. "ಏಟ್ ಬರದ್ರ ಏನವ್ವಾ, ಹುಟ್ಟುಗುಣ ಸುಟ್ಟರೂ ಹೋಗಲ್ಲ." ಅದನ್ನೂ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ. ಕ್ಲಾಸಿನಲ್ಲಿ ಕೊಟ್ಟ ವ್ಯಾಖ್ಯೆಗೂ ಇದಕ್ಕೂ ಜಾಸ್ತಿ ದೂರ ಇಲ್ಲ ಅನ್ನಿಸಿತ್ತು. ವ್ಯಕ್ತಿತ್ವ ಅಂದರೆ ಬಹಳ ಕಾಲ ಹಾಗೇ ಉಳಿಯುವ ರೀತಿ ಅಂತಲೇ ಅಲ್ವಾ ಪುಸ್ತಕವೂ ಹೇಳುವುದು?

ರಜೆ ಮುಗಿದ ಮೇಲೆ ತೊಂದರೆಗಳ ಪಾಠ ಶುರುವಾಯಿತು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ, ಡಿಎಸ್‌ಎಂ, ಹತ್ತು ವ್ಯಕ್ತಿತ್ವದ ತೊಂದರೆಗಳನ್ನು ಮೂರು ಗುಂಪಾಗಿ ಹೇಳುತ್ತದೆ. ಒಂದು ಗುಂಪಿನವರು ಬೇರೆಯವರಿಗೆ ವಿಚಿತ್ರವಾಗಿ ಕಾಣುತ್ತಾರೆ. ಇನ್ನೊಂದು ಗುಂಪಿನವರ ಭಾವನೆಗಳು ಬಿರುಗಾಳಿಯಂತೆ. ಮೂರನೆಯವರು ಅಂಜಿಕೆಯಲ್ಲೇ ಬದುಕುವವರು. 1980ರಲ್ಲಿ ಬಂದ ಮೂರನೇ ಆವೃತ್ತಿ ಇವುಗಳಿಗೆ ಬೇರೆ ಮಾನಸಿಕ ಕಾಯಿಲೆಗಳಿಂದ ಪ್ರತ್ಯೇಕ ಜಾಗ ಕೊಟ್ಟಿತು. 2013ರ ಐದನೇ ಆವೃತ್ತಿ ಆ ಗೋಡೆಯನ್ನು ತೆಗೆದುಹಾಕಿತು.

ಪರೀಕ್ಷೆಗೆ ಕಷ್ಟವಾಗಿದ್ದು ಹತ್ತು ಹೆಸರಲ್ಲ, ಜೋಡಿಗಳು. ಇಬ್ಬರು ಒಂಟಿಯಾಗಿ ಇರುತ್ತಾರೆ. ಒಬ್ಬನಿಗೆ ಜನರೇ ಬೇಡ. ಅವನದು ಸ್ಕಿಜಾಯ್ಡ್. ಇನ್ನೊಬ್ಬನಿಗೆ ಜನ ಬೇಕು. ಆದರೆ ಎಲ್ಲಿ ನಕ್ಕುಬಿಡುತ್ತಾರೋ, ಎಲ್ಲಿ ಬೇಡ ಅಂದುಬಿಡುತ್ತಾರೋ ಎಂದು ಹತ್ತಿರ ಹೋಗುವುದಿಲ್ಲ. ಅದು ತಪ್ಪಿಸಿಕೊಳ್ಳುವ ವ್ಯಕ್ತಿತ್ವ. ಮದುವೆ ಊಟದಲ್ಲಿ ಇಬ್ಬರೂ ಮೂಲೆಯಲ್ಲೇ ಕೂತಿರುತ್ತಾರೆ. ಹೊರಗಿನಿಂದ ನೋಡಿದರೆ ಯಾರು ಯಾವುದು ಹೇಳಲು ಆಗದು. ಕೇಳಬೇಕು. ಹಾಗೆಯೇ ಗೀಳು ಕಾಯಿಲೆ ಮತ್ತು ಗೀಳು ವ್ಯಕ್ತಿತ್ವ. ಕೈ ಪದೇ ಪದೇ ತೊಳೆಯುವವಳಿಗೆ ತನ್ನ ಯೋಚನೆಯೇ ಹಿಂಸೆ, ಅದು ಹೋದರೆ ಸಾಕು ಅಂತಾಳೆ. ಗೀಳು ವ್ಯಕ್ತಿತ್ವದವರಿಗೆ ತಮ್ಮ ರೀತಿಯೇ ಸರಿ, ಜಗತ್ತೇ ಅಡ್ಡಾದಿಡ್ಡಿ. ಎರಡಕ್ಕೂ ಹೆಸರು ಹೆಚ್ಚು ಕಡಿಮೆ ಒಂದೇ. ನಾನು ಈ ಜೋಡಿಗಳನ್ನೆಲ್ಲ ಲೆಕ್ಕದ ಪುಸ್ತಕದಲ್ಲಿ ಎದುರು ಬದುರು ಬರೆದುಕೊಂಡೆ, ಜಮಾ ಖರ್ಚಿನ ಹಾಗೆ.

ಆ ತಿಂಗಳು ನಾನು ಮಾಡಿದ ತಪ್ಪು ಈಗಲೂ ನೋಯುತ್ತದೆ. ಹೊಸ ಹೆಸರುಗಳು ತಲೆಯಲ್ಲಿ ತುಂಬಿದ್ದವು. ಎಲ್ಲಿ ನೋಡಿದರೂ ಲಕ್ಷಣ. ನನ್ನ ರೂಮ್‌ಮೇಟ್ ಬೀದರ್ ಕಡೆಯವಳು. ಒಂದು ವಾರದಿಂದ ಸಣ್ಣ ಮಾತಿಗೂ ಸಿಟ್ಟು, ಆಮೇಲೆ ಅಳು. ಒಂದು ರಾತ್ರಿ ಜಗಳವಾದಾಗ ನಾನು ಪುಸ್ತಕ ತೋರಿಸಿ, "ನೋಡು, ಇದು ಬಾರ್ಡರ್‌ಲೈನ್ ಲಕ್ಷಣ, ನಿಂದು ಹಂಗೇ ಅದ" ಎಂದುಬಿಟ್ಟೆ. ಭಾವನೆಗಳು ಬಿರುಗಾಳಿಯಂತಿರುವ ಆ ಎರಡನೇ ಗುಂಪಿನ ಒಂದು ತೊಂದರೆ ಅದು. ಅವಳು ಮಾತು ನಿಲ್ಲಿಸಿದಳು. ಹನ್ನೊಂದು ದಿನ. ಅವಳ ಅಪ್ಪ ಹಾಸಿಗೆ ಹಿಡಿದಿದ್ದರು, ಓದು ಬಿಡಿಸಿ ಮನೆಗೆ ಕರೆಸುವ ಮಾತು ನಡೆದಿತ್ತು ಎನ್ನುವುದು ನನಗೆ ಗೊತ್ತಾಗಿದ್ದು ಆಮೇಲೆ, ಬೇರೆಯವರಿಂದ. ನಾನು ಒಂದು ಸಲವೂ "ಯಾಕ, ಏನಾಗ್ಯದ" ಎಂದು ಕೇಳಿರಲಿಲ್ಲ. ಲಕ್ಷಣ ಎಣಿಸಿದ್ದೆ ಅಷ್ಟೇ. ಕ್ಷಮೆ ಕೇಳಿದೆ. ಅವಳು ದೊಡ್ಡ ಮನಸ್ಸು ಮಾಡಿದಳು. ನಾನು ಮಾತ್ರ ಆ ಪುಟವನ್ನು ಇವತ್ತಿಗೂ ಸುಮ್ನೆ ಓದಲಾರೆ.

ಇದನ್ನು ಸರ್‌ಗೆ ಹೇಳಿದೆ. ಅವರು ಬೈಯಲಿಲ್ಲ. ಮಾರನೇ ದಿನ ಕ್ಲಾಸಿಗೆ 24 ಲಕೋಟೆ ತಂದರು. ನಾವು ಹಿಂದಿನ ವಾರ ಒಂದು ಪರೀಕ್ಷೆಗೆ ಉತ್ತರ ಬರೆದಿದ್ದೆವು. ಆ ಉತ್ತರಗಳ ಆಧಾರದ ಮೇಲೆ ಬರೆದ ನಿಮ್ಮ ವ್ಯಕ್ತಿತ್ವದ ವಿವರ ಇದರಲ್ಲಿದೆ, ಎಷ್ಟು ಸರಿ ಇದೆ ಎಂದು ಐದಕ್ಕೆ ಅಂಕ ಕೊಡಿ ಎಂದರು. ಬಹಳ ಜನ ನಾಲ್ಕು, ಐದು ಕೊಟ್ಟರು. ನಾನು ಐದು ಕೊಟ್ಟೆ. ಆಮೇಲೆ ಪಕ್ಕದವರ ಹಾಳೆ ಓದಿ ಎಂದರು. ಎಲ್ಲರದೂ ಒಂದೇ! ಬರ್ಟ್ರಮ್ ಫೋರರ್ 1948ರಲ್ಲಿ ತನ್ನ 39 ವಿದ್ಯಾರ್ಥಿಗಳಿಗೆ ಮಾಡಿದ್ದು ಇದನ್ನೇ. ಅವರು ಕೊಟ್ಟ ಅಂಕದ ಸರಾಸರಿ ಐದಕ್ಕೆ 4.26. ಶರಣಬಸವೇಶ್ವರರ ಜಾತ್ರೆಗೆ ಹೋದಾಗ ಕೈ ನೋಡಿ ಹೇಳುವವರ ಮುಂದೆ ನಿಂತವರಿಗೆಲ್ಲ "ನನ್ನ ಮನಸಿನ್ಯಾಂದು ಹೇಳಿದ" ಅನ್ನಿಸುವುದು ಇದಕ್ಕೇ. ಎಲ್ಲರಿಗೂ ಹೊಂದುವ ಮಾತು ನನಗೊಬ್ಬಳಿಗೇ ಹೇಳಿದಂತೆ ಕೇಳುತ್ತದೆ. ಕಾಯಿಲೆಯ ಪಟ್ಟಿ ಓದಿದಾಗಲೂ ಹಾಗೇ ಆಗುತ್ತದೆ ಎಂದು ಸರ್ ಹೇಳಿದರು.

ಆಮೇಲೆ ಬೋರ್ಡಿನ ಮೇಲೆ ನಾಲ್ಕು ಪ್ರಶ್ನೆ ಬರೆದರು. ಯಾವಾಗಿನಿಂದ? ಎಲ್ಲೆಲ್ಲಿ? ಯಾರ ಜೊತೆಯೆಲ್ಲ? ಅದರಿಂದ ಯಾರ ಬದುಕು ಕೆಟ್ಟಿದೆ? ವ್ಯಕ್ತಿತ್ವದ ತೊಂದರೆ ಅನ್ನಬೇಕಾದರೆ ಅದು ಹದಿಹರೆಯದಲ್ಲೋ ಯೌವನದ ಆರಂಭದಲ್ಲೋ ಕಾಣಿಸಿಕೊಂಡಿರಬೇಕು. ಮನೆ, ಕೆಲಸ, ಗೆಳೆತನ, ಎಲ್ಲ ಕಡೆ ಹರಡಿರಬೇಕು. ವರ್ಷಗಟ್ಟಲೆ ಇರಬೇಕು. ಅದರಿಂದ ಆ ಮನುಷ್ಯನಿಗೆ ನೋವೋ, ಬದುಕು ನಡೆಸಲು ತೊಡಕೋ ಆಗಿರಬೇಕು.

ನಾನು ಕಾಕಾನನ್ನು ಈ ನಾಲ್ಕು ಪ್ರಶ್ನೆಗಳ ಮುಂದೆ ನಿಲ್ಲಿಸಿದೆ. ಕಾಕಾ ಯಾರನ್ನೂ ನಂಬುವುದಿಲ್ಲ. ಸಹಿ ಹಾಕುವುದಿಲ್ಲ, ಯಾವ ಕಾಗದವನ್ನೂ ಮನೆಯಿಂದ ಹೊರಗೆ ಬಿಡುವುದಿಲ್ಲ. ನಾನು ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಪ್ಯಾರನಾಯ್ಡ್ ಎಂದು ಬರೆದೂ ಆಗಿತ್ತು. ಅವ್ವನಿಗೆ ಫೋನ್ ಮಾಡಿ ಕೇಳಿದೆ. ಕಾಕಾ ಮೊದಲು ಹಾಗಿರಲಿಲ್ಲವಂತೆ. ನಲವತ್ತು ದಾಟಿದ ಮೇಲೆ ಸ್ವಂತದವರೇ ಹೊಲದ ಕಾಗದಕ್ಕೆ ಸಹಿ ಹಾಕಿಸಿಕೊಂಡು ಮೋಸ ಮಾಡಿದರು. ಒಂಬತ್ತು ವರ್ಷ ಕೋರ್ಟಿಗೆ ಅಲೆದರು. ಅದೇ ಕಾಕಾ ಕಿರಾಣಿ ಅಂಗಡಿಯವರ ಹತ್ತಿರ ದುಡ್ಡಿನ ಚೀಲ ಬಿಟ್ಟು ಸಂತೆಗೆ ಹೋಗುತ್ತಾರೆ. ನಾನು ಬರೆದ ಹೆಸರನ್ನು ಹೊಡೆದುಹಾಕಿದೆ. ಅದು ಕಾಯಿಲೆಯಲ್ಲ. ಅವರಿಗೆ ಆದ ಪೆಟ್ಟು.

ಕ್ಲಾಸಿನಲ್ಲಿ ದೊಡ್ಡ ವಾದ ನಡೆದದ್ದು ಅವಲಂಬಿತ ವ್ಯಕ್ತಿತ್ವದ ದಿನ. ಬೇರೆಯವರನ್ನು ಕೇಳದೆ ದಿನನಿತ್ಯದ ನಿರ್ಧಾರವನ್ನೂ ಮಾಡಲಾಗದಿರುವುದು ಅದರ ಒಂದು ಲಕ್ಷಣ. ಯಾದಗಿರಿಯಿಂದ ಬರುತ್ತಿದ್ದ ಗೆಳತಿ ಎದ್ದು ನಿಂತಳು. "ಸರ್, ಹಂಗಾದ್ರ ನಮ್ಮ ಊರಾಗಿನ ಹೆಣ್ಮಕ್ಕಳಿಗೆಲ್ಲ ಈ ರೋಗ ಅದ ಅನ್ನಬೇಕಾಗ್ತದ." ಸರ್ ಕೈಪಿಡಿಯ ವ್ಯಾಖ್ಯೆಯನ್ನೇ ಮತ್ತೆ ಓದಿಸಿದರು. ಆ ವ್ಯಕ್ತಿಯ ಸಂಸ್ಕೃತಿ ಏನನ್ನು ನಿರೀಕ್ಷಿಸುತ್ತದೋ ಅದರಿಂದ ಬಹಳ ದೂರ ಸರಿದಿರಬೇಕು ಎಂದು ಅಲ್ಲೇ ಇದೆ. ನಮ್ಮಲ್ಲಿ ಹಿರಿಯರನ್ನು ಕೇಳುವುದು ರೂಢಿ, ಅದು ರೋಗ ಆಗದು. ಗೆಳತಿ ಅಲ್ಲಿಗೇ ಬಿಡಲಿಲ್ಲ. "ರೂಢಿ ಅಂತ ಬಿಟ್ರ, ಖರೇನ ತ್ರಾಸ ಇದ್ದವರು ಅದರಾಗೇ ಮುಚ್ಚಿಹೋಗ್ತಾರಲ್ರಿ ಸರ್?" ಸರ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ನನಗೆ ಆ ಪ್ರಶ್ನೆಯೇ ಆ ದಿನದ ಪಾಠ. ನಿರ್ಧಾರ ಮಾಡಲು ಬಿಡದ ಮನೆಯಲ್ಲಿ, ನಿರ್ಧಾರ ಮಾಡಲು ಬಾರದವಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಪ್ರಾಕ್ಟಿಕಲ್‌ನಲ್ಲಿ ವ್ಯಕ್ತಿತ್ವ ಅಳೆಯುವ ಐಸೆಂಕ್ ಪ್ರಶ್ನಾವಳಿಯನ್ನು ಹತ್ತು ಜನರಿಗೆ ಕೊಡಬೇಕಿತ್ತು. ಅದರಲ್ಲಿ ಉತ್ತರ ಕೊಡುವವರು ತಮ್ಮನ್ನು ತಾವು ಒಳ್ಳೆಯವರೆಂದು ತೋರಿಸಿಕೊಳ್ಳುತ್ತಿದ್ದಾರೋ ಎಂದು ಹಿಡಿಯಲು ಸುಳ್ಳಿನ ಅಳತೆಯೂ ಇದೆ. ನಾನು ಹಾಸ್ಟೆಲಿನ ಅಡುಗೆ ಅಕ್ಕನಿಗೂ ಕೇಳಿದೆ. ಪಾರ್ಟಿಯ ಪ್ರಶ್ನೆ ಬಂದಾಗ ಅವರು "ಯಾವ ಪಾರ್ಟಿ ತಂಗಿ?" ಎಂದು ಗಾಬರಿಯಾದರು. ವೋಟಿನ ಮಾತೆಂದು ತಿಳಿದಿದ್ದರು. ಜಾತ್ರೆ, ಕುಬುಸದ ಕಾರ್ಯ ಅಂತ ಬಿಡಿಸಿ ಹೇಳಿದರೆ ಅದು ಆ ಪರೀಕ್ಷೆಯಾಗಿ ಉಳಿಯುವುದಿಲ್ಲ. ಹೇಳದಿದ್ದರೆ ಅವರ ಉತ್ತರಕ್ಕೆ ಅರ್ಥವಿಲ್ಲ. ರೋರ್‌ಶಾಕ್‌ನ ಹತ್ತು ಮಸಿ ಚಿತ್ರಗಳನ್ನು ದೂರದಿಂದ ತೋರಿಸಿದರು. ಚಿತ್ರದಲ್ಲಿ ಏನು ಕಾಣುತ್ತದೆ ಎಂದು ಕೇಳುವ ಪರೀಕ್ಷೆ ಅದು. ಅದರಲ್ಲಿ ನಮಗೆ ತರಬೇತಿ ಇರಲಿಲ್ಲ, ಮುಟ್ಟಲಿಲ್ಲ.

ನಾಲ್ಕು ವಾರ ಆಸ್ಪತ್ರೆಯೊಂದರ ಮನೋರೋಗ ವಿಭಾಗಕ್ಕೆ ಹಾಕಿದರು. ನಮ್ಮ ಕೆಲಸ ಕೇಳುವುದು ಮತ್ತು ಬರೆಯುವುದು, ಅಷ್ಟೇ. ಎಂ.ಎಸ್ಸಿ. ಮುಗಿಸಿದ ಮಾತ್ರಕ್ಕೆ ಯಾರಿಗೂ ಕಾಯಿಲೆಯ ಹೆಸರು ಹೇಳುವ ಅಧಿಕಾರ ಬರುವುದಿಲ್ಲ. ಕ್ಲಿನಿಕಲ್ ಸೈಕಾಲಜಿಯ ಮುಂದಿನ ತರಬೇತಿ, ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಇದನ್ನು ಮೊದಲ ದಿನವೇ ಅಲ್ಲಿನ ಮೇಡಂ ಖಡಕ್ಕಾಗಿ ಹೇಳಿದರು.

ಅಲ್ಲಿ ನಾನು ಒಬ್ಬ ಹೆಣ್ಣುಮಗಳ ಜೊತೆ ಮೂರು ಸಲ ಕೂತೆ. ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ. ಇಪ್ಪತ್ತರ ಆಸುಪಾಸು. ಮೊಣಕೈ ತನಕ ಹಸಿರು ಬಳೆ. ಬಳೆಯ ಕೆಳಗೆ ಹಳೆಯ ಗಾಯದ ಗುರುತುಗಳಿದ್ದವು. "ಒಳಗ ಖಾಲಿ ಖಾಲಿ ಅನಸ್ತದ್ರಿ ಅಕ್ಕೋರೆ" ಎಂದಳು. "ಯಾರರ ಬಿಟ್ಟು ಹೋಗ್ತಾರ ಅನಸಿದ್ರ ಜೀವಾನೇ ಹೋದಂಗ ಆಗ್ತದ." ಚಿಕ್ಕವಳಿದ್ದಾಗ ಅತ್ತರೆ ಮನೆಯವರು ಏನು ಹೇಳುತ್ತಿದ್ದರು ಎಂದು ಕೇಳಿದೆ. "ನಿನಗೇನಾಗ್ಯದ, ಉಣ್ಣಾಕ ಕಮ್ಮಿ ಅದೇನು ಅಂತಿದ್ರು."

ಅಲ್ಲಿ ಕೆಲಸ ಮಾಡುವವರೊಬ್ಬರು ಅವಳ ಎದುರಿಗೇ "ಇಕಿ ಬರೇ ನಾಟಕ ಮಾಡ್ತಾಳ" ಎಂದರು. ನನಗೆ ಗಂಟಲು ಕಟ್ಟಿತು. ಮೇಡಂ ನನ್ನನ್ನು ಪಕ್ಕಕ್ಕೆ ಕರೆದು, "ನಾಟಕ ಅನ್ನೋ ಪದ ನಿನ್ನ ಫೈಲಿನಾಗ ಬರಬಾರದು. ಸುಟ್ಟ ಚರ್ಮಕ್ಕೆ ಗಾಳಿ ತಾಕಿದ್ರೂ ಉರೀತದ, ಹೌದಿಲ್ಲೋ?" ಎಂದರು.

ಅವತ್ತು ಸಂಜೆ ಮೇಡಂ ಹೇಳಿದ ಓದಿನಿಂದ ನನ್ನ ಸೆಮಿಸ್ಟರ್ ದಿಕ್ಕು ಬದಲಾಯಿತು. ಬಾರ್ಡರ್‌ಲೈನ್ ಎನ್ನುವ ಹೆಸರನ್ನು ಇಂಥ ರೋಗಿಗಳ ಬಗ್ಗೆ 1938ರಲ್ಲಿ ಬಳಸಿದವರು ಅಡಾಲ್ಫ್ ಸ್ಟರ್ನ್. ಎರಡು ಬಗೆಯ ಕಾಯಿಲೆಗಳ ಗಡಿಯಲ್ಲಿ ಇರುವವರು ಎಂಬ ಅರ್ಥದಲ್ಲಿ. ಬಹಳ ಕಾಲ ಇವರಿಗೆ ವಾಸಿಯಾಗದು ಎಂದೇ ವೈದ್ಯರೂ ನಂಬಿದ್ದರು. ಮಾರ್ಷಾ ಲೈನ್‌ಹಾನ್ ಎಂಬ ಮನೋವಿಜ್ಞಾನಿ ಇವರಿಗಾಗಿಯೇ ಒಂದು ಚಿಕಿತ್ಸೆ ಕಟ್ಟಿದರು. 1993ರಲ್ಲಿ ಅದರ ಪುಸ್ತಕ ಬಂತು. ಹುಟ್ಟಿನಿಂದಲೇ ಭಾವನೆ ತೀವ್ರವಾಗಿರುವ ಮಗು, ಆ ಭಾವನೆಯನ್ನು ಸುಳ್ಳೆನ್ನುವ ಮನೆ, ಇವೆರಡೂ ಕೂಡಿದಾಗ ಈ ತೊಂದರೆ ಬೆಳೆಯುತ್ತದೆ ಎನ್ನುವುದು ಅವರ ವಿವರಣೆ. "ಉಣ್ಣಾಕ ಕಮ್ಮಿ ಅದೇನು" ಎಂಬ ಮಾತು ನನಗೆ ಆಗ ನೆನಪಾಯಿತು. ಆ ಚಿಕಿತ್ಸೆಯಲ್ಲಿ ಈ ಕ್ಷಣದಲ್ಲಿ ನಿಲ್ಲುವುದನ್ನು, ಸಂಕಟ ತಡೆದುಕೊಳ್ಳುವುದನ್ನು, ಭಾವನೆ ಹತೋಟಿಗೆ ತರುವುದನ್ನು, ಸಂಬಂಧ ಕೆಡದಂತೆ ಬೇಕಾದ್ದು ಕೇಳುವುದನ್ನು ಒಂದೊಂದಾಗಿ ಕಲಿಸುತ್ತಾರೆ, ರೊಟ್ಟಿ ಬಡಿಯುವುದನ್ನು ಕಲಿಸಿದ ಹಾಗೆ. 2011ರಲ್ಲಿ ಲೈನ್‌ಹಾನ್ ತಮ್ಮ ಕಥೆಯನ್ನೇ ಬಹಿರಂಗವಾಗಿ ಹೇಳಿದರು. 17ನೇ ವಯಸ್ಸಿನಲ್ಲಿ ಆಸ್ಪತ್ರೆ ಸೇರಿ ಎರಡು ವರ್ಷಕ್ಕೂ ಜಾಸ್ತಿ ಅಲ್ಲಿದ್ದವರು ಅವರು. ತಮ್ಮ ಮೈಮೇಲೂ ಗಾಯದ ಗುರುತು ಇದ್ದವರು.

ಇನ್ನೊಂದು ಅಧ್ಯಯನ ಮೇರಿ ಝನಾರಿನಿ ಮತ್ತು ಜೊತೆಯವರದ್ದು. ಬಾರ್ಡರ್‌ಲೈನ್ ಇದ್ದ 290 ಜನರನ್ನು ಆಸ್ಪತ್ರೆಯಿಂದ ಬಿಟ್ಟ ಮೇಲೆ ಹತ್ತು ವರ್ಷ ಎರಡೆರಡು ವರ್ಷಕ್ಕೊಮ್ಮೆ ಭೇಟಿಯಾದರು. ಅಷ್ಟರಲ್ಲಿ ನೂರಕ್ಕೆ 93 ಜನರಿಗೆ ಕನಿಷ್ಠ ಎರಡು ವರ್ಷ ಲಕ್ಷಣಗಳು ಇಳಿದಿದ್ದವು. ನಾನು ಆ ಸಾಲನ್ನು ಮೂರು ಸಲ ಓದಿದೆ. ಆದರೆ ಅದರ ಮುಂದಿನ ಸಾಲೂ ಇದೆ. ಲಕ್ಷಣ ಇಳಿದು, ಜೊತೆಗೆ ಒಂದು ಒಳ್ಳೆಯ ಸಂಬಂಧ, ಒಂದು ನೆಟ್ಟಗಿನ ಕೆಲಸ ಹಿಡಿದು ನಿಂತವರು ಅರ್ಧದಷ್ಟು ಮಾತ್ರ. ನನ್ನ ಎದುರು ಕೂತಿದ್ದವಳು ಒಳಗಿನ ಬೆಂಕಿಯನ್ನು ಆರಿಸಿಕೊಂಡರೂ, ವಾರ ವಾರ ಬಸ್ಸು ಹತ್ತಿ ಚಿಕಿತ್ಸೆಗೆ ಬರಬೇಕು, ಕೆಲಸ ಹುಡುಕಬೇಕು, ನಾಟಕ ಎಂದವರ ನಡುವೆಯೇ ಬದುಕಬೇಕು. ಕೊನೆಯ ದಿನ ಅವಳ ಅವ್ವನ ಕೈಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಬರೆದುಕೊಟ್ಟೆವು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು ಎಂದು ಎರಡು ಸಲ ಹೇಳಿದೆ.

ಮೇಡಂ ಇನ್ನೊಂದು ವಿಷಯ ಹೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಹೊಸ ಪಟ್ಟಿ, ಐಸಿಡಿಯ 11ನೇ ಆವೃತ್ತಿ, 2022ರಿಂದ ಜಾರಿಯಲ್ಲಿದೆ. ಅದು ಹಳೆಯ ಬಗೆಗಳ ಹೆಸರನ್ನು ಬಹುಪಾಲು ಬಿಟ್ಟಿದೆ. ತೊಂದರೆ ಸ್ವಲ್ಪವೋ, ಮಧ್ಯಮವೋ, ತೀವ್ರವೋ ಎಂದು ಮೊದಲು ನೋಡುತ್ತದೆ. ಆಮೇಲೆ ಯಾವ ಗುಣಗಳು ಎದ್ದು ಕಾಣುತ್ತವೆ ಎಂದು ಹೇಳುತ್ತದೆ. ಬಾರ್ಡರ್‌ಲೈನ್ ರೀತಿಯನ್ನು ಮಾತ್ರ ಬೇಕಿದ್ದರೆ ಜೊತೆಗೆ ಬರೆಯಬಹುದು. ನನಗೆ ಇದೇ ಹೆಚ್ಚು ಸರಿ ಕಾಣುತ್ತದೆ. ತೀವ್ರ ಇದ್ದದ್ದು ಮಧ್ಯಮ ಆಗಬಹುದು, ಮಧ್ಯಮ ಇದ್ದದ್ದು ಸ್ವಲ್ಪ ಆಗಬಹುದು. ಬಗೆಯ ಹೆಸರಿಗೆ ಆ ಇಳಿಜಾರು ಇಲ್ಲ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರ ಎದುರು ಇದನ್ನೇ ಹೇಳಿದೆ. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ಕೈ ನಡುಗುತ್ತಿತ್ತು. ಪಾಸಾದೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಆಯಿಗೆ 290 ಜನರ ಕಥೆ ಹೇಳಿದೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂದಿದ್ರಲ್ಲ, ಇಲ್ಲಿ ನೋಡ್ರಿ ಎಂದೆ. ಆಯಿ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತಿದ್ದರು. ಕೈ ನಿಲ್ಲಿಸಿದರು.

"ನಿಮ್ಮ ಮುತ್ಯಾ ಮೊದ್ಲ ಹೆಂಗಿದ್ದ ಗೊತ್ತದೇನು ನಿನಗ? ತಾಟು ಒಗದ್ರ ಅಂಗಳದಾಗ ಬೀಳ್ತಿತ್ತು. ನಿಮ್ಮವ್ವ ಹುಟ್ಟಿದ ಮ್ಯಾಲ ಮೆತ್ತಗಾದ. ಒಮ್ಮಿಗೆ ಅಲ್ಲ. ಹತ್ತು ಹನ್ನೆರಡು ವರ್ಷ ಹಿಡೀತು."

ಮುತ್ಯಾ ನನಗೆ ನೆನಪಿರುವುದು ಮೊಮ್ಮಕ್ಕಳಿಗೆ ಶೇಂಗಾ ಸುಲಿದು ಕೊಡುತ್ತಿದ್ದ ಮನುಷ್ಯನಾಗಿ. ನಾನು ಲೆಕ್ಕದ ಪುಸ್ತಕ ತಂದೆ. 212 ಪದಗಳನ್ನು ಮತ್ತೆ ನೋಡಿದೆ. ಎಲ್ಲವೂ ಮನುಷ್ಯ ಹೇಗಿದ್ದಾನೆ ಎಂದು ಹೇಳುವವು. ಹೇಗೆ ಬದಲಾದ ಎಂದು ಹೇಳುವ ಒಂದೂ ಪದ ಇರಲಿಲ್ಲ. ನಾನು ಕೇಳಿರಲೇ ಇಲ್ಲ. ಹೊಸ ಹಾಳೆ ತೆಗೆದೆ. ಆಯಿ ಹೇಳುತ್ತಾ ಹೋದರು, ನಾನು ಬರೆದೆ. ಮೆತ್ತಗಾದ. ತಣ್ಣಗಾದ. ಪಳಗಿದ. ಮಾಗಿದ. ಹದಕ್ಕೆ ಬಂದ. ದಾರಿಗೆ ಹತ್ತಿದಳು. ಸುಧಾರಿಸಿದಳು. ಚೇತರಿಸಿಕೊಂಡಳು.

"ಇನ್ನೂ ಅವ," ಎಂದರು ಆಯಿ. "ಎಳ್ಳು ಹಚ್ಚೋದು ಮುಗೀಲಿ, ಹೇಳ್ತೀನಿ."